ಗಾಮಾ ಚೇಂಬರ್ ಲೈಸೆನ್ಸ್ ಉಳಿಸಿಕೊಂಡದ್ದು: ನನ್ನ ಅನುಭವ

2024ರ ನವೆಂಬರ್ ಕೊನೆಯ ವಾರ, ಬೀಜ ಮತ್ತು ಬೇರೆ ಸ್ಯಾಂಪಲ್‌ಗಳಿಗೆ ವಿಕಿರಣ ಕೊಡುವ ಯಂತ್ರವಾದ ನಮ್ಮ ಗಾಮಾ ಚೇಂಬರ್‌ನ ಲೈಸೆನ್ಸ್ ನವೀಕರಣವಾಗಿ ಬಂತು. ಇನ್ನು ಐದು ವರ್ಷ ಚಿಂತೆ ಇಲ್ಲ. ಪ್ರಿಂಟ್ ತೆಗೆದು, ಲ್ಯಾಮಿನೇಟ್ ಮಾಡಿಸಿ, ಚೇಂಬರ್ ರೂಮಿನ ಬಾಗಿಲ ಪಕ್ಕ ನಾನೇ ಮೊಳೆ ಹೊಡೆದು ತೂಗುಹಾಕಿದೆ.

"ಇದು ಆಗುವ ಕೆಲಸ ಅಲ್ಲ ಮಾರಾಯ್ರೆ" ಎಂದವರು ತುಂಬಾ ಜನ. ನಮ್ಮ ವಿಭಾಗದವರೇ ಹೇಳಿದ್ದರು. ಬೇರೆ ಊರಿನ ಇಬ್ಬರು ವಿಕಿರಣ ಸುರಕ್ಷತಾ ಅಧಿಕಾರಿಗಳು, ಅಂದರೆ ಆರ್‌ಎಸ್‌ಒಗಳೂ ಫೋನಿನಲ್ಲಿ ಅದನ್ನೇ ಹೇಳಿದರು. ಅವರ ವಾದ ಸರಳ. ಸೋರ್ಸ್ (ಒಳಗಿನ ವಿಕಿರಣ ವಸ್ತು) ಹಳೆಯದು, ದಾಖಲೆ ಹೋಗಿದೆ, ದುಡ್ಡಿಲ್ಲ. ಹಾಗಿದ್ದ ಮೇಲೆ ಯಾಕೆ ಹಟ? ಈಗ ಅದೇ ಇಬ್ಬರು ಫೈಲಿನ ಪ್ರತಿ ಕೇಳುತ್ತಿದ್ದಾರೆ. ಹಾಗಾಗಿ ಎಲ್ಲರಿಗೂ ಒಟ್ಟಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಫಾರ್ಮ್ ತುಂಬುವುದು ಹೇಗೆ, ಇ-ಲೋರಾದಲ್ಲಿ (ಲೈಸೆನ್ಸ್ ಕೊಡುವ ಎಇಆರ್‌ಬಿ, ಅಂದರೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಆನ್‌ಲೈನ್ ಅರ್ಜಿ ತಾಣ) ಲಾಗಿನ್ ಆಗುವುದು ಹೇಗೆ ಎಂಬುದೆಲ್ಲ ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ.

ನಮ್ಮದು ಜಿಸಿ-5000. ಮಂಗಳೂರಿನ ಹೊರವಲಯದ ನಮ್ಮ ಸಂಸ್ಥೆಗೆ 2008ರಲ್ಲಿ ಬಂದದ್ದು. ಐದೂವರೆ ಟನ್‌ಗಿಂತ ಜಾಸ್ತಿ ತೂಕದ ಸೀಸದ ಗುಂಡು ಅದು. ಕ್ರೇನ್ ತರಿಸಿ, ಗೋಡೆ ಒಡೆದು ಒಳಗೆ ಇಳಿಸಿದ್ದನ್ನು ನೋಡಿದವರು ಈಗ ಇಲ್ಲಿ ನಾನು ಮತ್ತು ನಮ್ಮ ಅಟೆಂಡರಣ್ಣ ಇಬ್ಬರೇ. ಈ ಮಾದರಿಗೆ 14,000 ಕ್ಯೂರಿವರೆಗೆ ಕೋಬಾಲ್ಟ್-60 ತುಂಬಬಹುದು (ಕ್ಯೂರಿ ಎಂದರೆ ವಿಕಿರಣಶೀಲತೆಯ ಅಳತೆ). ನಮ್ಮಲ್ಲಿ ದುಡ್ಡಿಗೆ ತಕ್ಕಂತೆ ಸುಮಾರು 10,000 ತುಂಬಿಸಿದ್ದೆವು. ಆಗ ಗಂಟೆಗೆ 6.4 ಕಿಲೋಗ್ರೇ ಸಿಗುತ್ತಿತ್ತು (ಗ್ರೇ ಎಂದರೆ ಒಳಗಿಟ್ಟ ವಸ್ತು ಹೀರಿದ ವಿಕಿರಣದ, ಅಂದರೆ ಡೋಸ್‌ನ, ಅಳತೆ). ಕೋಬಾಲ್ಟ್‌ನ ಅರ್ಧಾಯುಷ್ಯ 5.27 ವರ್ಷ, ಅಂದರೆ ಅಷ್ಟು ಹೊತ್ತಿಗೆ ಅದರ ಬಲ ಅರ್ಧವಾಗುತ್ತದೆ. ಹದಿನಾರು ವರ್ಷಕ್ಕೆ ಮೂರು ಅರ್ಧಾಯುಷ್ಯ ದಾಟಿತು. ಉಳಿದದ್ದು ಸುಮಾರು 1,200 ಕ್ಯೂರಿ, ನಿಮಿಷಕ್ಕೆ ಹನ್ನೆರಡೂವರೆ ಗ್ರೇ ಆಸುಪಾಸು.

ಆಡಳಿತದವರ ಮುಂದೆ ಮೂರು ದಾರಿ ಇತ್ತು. ಹೊಸ ಸೋರ್ಸ್ ತುಂಬಿಸುವುದು, ಅದಕ್ಕೆ ಅರ್ಧ ಕೋಟಿಯ ಮಾತು. ಸೋರ್ಸನ್ನು ಕೊಟ್ಟವರಿಗೇ ವಾಪಸು ಕಳಿಸುವುದು. ಸಾಗಣೆಯ ಕ್ಯಾಸ್ಕ್ (ವಿಕಿರಣ ತಡೆಯುವ ಪೆಟ್ಟಿಗೆ), ಕ್ರೇನ್, ಲಾರಿ, ಗೋಡೆ ಒಡೆದು ಕಟ್ಟುವುದು ಎಲ್ಲ ಸೇರಿ ನಾನು ಹಾಕಿದ ಲೆಕ್ಕದಲ್ಲಿ 14-15 ಲಕ್ಷ. ಮೂರನೆಯದು ನವೀಕರಣ. ಆದರೆ ಸಭೆಯಲ್ಲಿ ನಾಲ್ಕನೆಯದೊಂದು ಬಂತು: "ಬೀಗ ಹಾಕಿ ಬಿಡಿ. ಅದರಷ್ಟಕ್ಕೆ ಇರಲಿ."

ಆ ಮಾತಿಗೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಆದದ್ದು ಇದೇ ಅಲ್ವಾ? ದೆಹಲಿ ವಿಶ್ವವಿದ್ಯಾಲಯದ ಗಾಮಾ ಸೆಲ್ (ನಮ್ಮದರಂಥದೇ ಯಂತ್ರ) 1985ರಿಂದ ಬಳಕೆ ಇಲ್ಲದೆ ಬಿದ್ದಿತ್ತು. ಅದು ಏನೆಂದು ಗೊತ್ತಿದ್ದವರೆಲ್ಲ ಹೋದ ಮೇಲೆ ಹಳೇ ಸಾಮಾನಿನ ಜೊತೆ ಹರಾಜಾಯಿತು. ಗುಜರಿಯಲ್ಲಿ ಅದನ್ನು ಒಡೆದರು. ಒಬ್ಬರು ಸತ್ತರು, ಹಲವರು ಆಸ್ಪತ್ರೆ ಸೇರಿದರು. ಬೀಗ ಹಾಕಿದ ಕೋಣೆಯ ಕೀಲಿಕೈ ಯಾರ ಹತ್ತಿರ ಇದೆ ಎಂಬುದು ಹತ್ತು ವರ್ಷದಲ್ಲಿ ಮರೆತುಹೋಗುತ್ತದೆ. ನಮ್ಮ 1,200 ಕ್ಯೂರಿ ಎಂದರೆ ವಿಕಿರಣಶೀಲತೆಯ ಇನ್ನೊಂದು ಅಳತೆಯಲ್ಲಿ ಸುಮಾರು 44 ಟೆರಾಬೆಕ್ವೆರಲ್. ಕೋಬಾಲ್ಟ್‌ಗೆ 30 ಟೆರಾಬೆಕ್ವೆರಲ್ ಮೇಲಿದ್ದರೆ ಅದು ಈಗಲೂ ಮೊದಲನೇ ವರ್ಗದ ಸೋರ್ಸ್, ಅಂದರೆ ಅತಿ ಅಪಾಯದ್ದು. "ಮುದಿಯಾಯಿತು" ಎಂದು ಬಿಡುವ ಹಾಗಿಲ್ಲ. ಆ ಗಡಿಯಿಂದ ಕೆಳಗಿಳಿಯಲು ಇನ್ನೂ ಮೂರು ವರ್ಷದ ಹತ್ತಿರ ಬೇಕು. ಇದನ್ನೆಲ್ಲ ಸಭೆಯಲ್ಲಿ ಹೇಳಿದೆ. ಕೊನೆಗೆ "ಸರಿ, ನಾಲ್ಕು ಲಕ್ಷದ ಒಳಗೆ ಆಗುವುದಾದರೆ ನವೀಕರಣಕ್ಕೆ ಹೋಗಿ, ಇಲ್ಲದಿದ್ದರೆ ವಾಪಸು ಕಳಿಸುವ" ಎಂದರು. ಅಷ್ಟು ಸಾಕಿತ್ತು.

ಮೊದಲ ಅರ್ಜಿ ಏಪ್ರಿಲ್‌ನಲ್ಲಿ ವಾಪಸು ಬಂತು. ತಪ್ಪು ಪೂರ್ತಿ ನಮ್ಮದೇ. ಸುತ್ತಲಿನ ವಿಕಿರಣ ಅಳೆಯುವ ಸರ್ವೆ ಮೀಟರಿನ ಕ್ಯಾಲಿಬ್ರೇಶನ್ ಅವಧಿ ಮುಗಿದಿತ್ತು. ಸ್ಯಾಂಪಲನ್ನು ಒಳಗೆ ಇಳಿಸುವ ಡ್ರಾಯರ್‌ನ ನಿರ್ವಹಣೆಯ ದಾಖಲೆ ಇರಲಿಲ್ಲ. ಡೋಸ್ ದರ (ನಿಮಿಷಕ್ಕೆ ಎಷ್ಟು ಗ್ರೇ) ಅಳೆದದ್ದಲ್ಲ, ಸೋರ್ಸಿನ ಕ್ಷಯದ ಚಾರ್ಟಿನಿಂದ ಲೆಕ್ಕ ಹಾಕಿದ್ದು. ಎಲ್ಲಕ್ಕಿಂತ ದೊಡ್ಡದು, 2011ರಿಂದ 2017ರವರೆಗಿನ ಬಳಕೆಯ ರಿಜಿಸ್ಟರ್ ಇಲ್ಲ. ಒಂದು ಮಳೆಗಾಲದಲ್ಲಿ ಆಫೀಸಿನ ಮಾಡು ಸೋರಿ, ಕಪಾಟಿಗೆ ಒರಲೆ ಹಿಡಿದು, ಮೂರು ರಿಜಿಸ್ಟರ್ ಮಣ್ಣಾಗಿದ್ದವು. ಯಾರು ಯಾವತ್ತು ಚೇಂಬರ್ ಓಡಿಸಿದರು, ಎಷ್ಟು ಹೊತ್ತು, ಏನು ಇಟ್ಟರು, ಒಂದೂ ಗೊತ್ತಿಲ್ಲ. ಏಳು ವರ್ಷದ ದಾಖಲೆ ಇಲ್ಲದೆ ಯಾರು ಲೈಸೆನ್ಸ್ ಕೊಡುತ್ತಾರೆ? ನಾನು ಆ ಜಾಗದಲ್ಲಿ ಕೂತಿದ್ದರೂ ಕೊಡುತ್ತಿರಲಿಲ್ಲ.

ಅರ್ಜಿ ವಾಪಸು ಬಂದ ಸಂಜೆ ನಾನು ಸುಮ್ನೆ ಕೂತಿದ್ದೆ. ಅಟೆಂಡರಣ್ಣ ಚಾ ತಂದಿಟ್ಟು, "ಎಂಥ ಸಾರ್, ರಿಜಿಸ್ಟರ್‌ದು ತಲೆಬಿಸಿಯಾ?" ಎಂದು ಕೇಳಿದರು. ಹೌದೆಂದೆ. "ನಾನು ಬರೆದಿಟ್ಟದ್ದುಂಟಲ್ಲ" ಎಂದರು.

ಚೇಂಬರ್ ರೂಮಿನ ಬಾಗಿಲ ಹಿಂದೆ ಸೊಸೈಟಿಯವರು ಕೊಟ್ಟ ದೊಡ್ಡ ಅಂಕಿಯ ಕ್ಯಾಲೆಂಡರ್ ನೇತಾಡುತ್ತಿರುತ್ತದೆ. ಪ್ರತಿ ಸಲ ಮೆಷಿನ್ ಹಾಕಿದಾಗ ಅವರು ಆ ದಿನದ ಚೌಕದಲ್ಲಿ ಹಾಕಿದ ಹೊತ್ತು, ತೆಗೆದ ಹೊತ್ತು ಬರೆಯುತ್ತಿದ್ದರು. ತಮ್ಮ ಊಟದ ಹೊತ್ತಿನ ಲೆಕ್ಕಕ್ಕಂತೆ. ವರ್ಷ ಮುಗಿದ ಮೇಲೆ ಕ್ಯಾಲೆಂಡರನ್ನು ಬಿಸಾಡದೆ ಮನೆಗೆ ಕೊಂಡುಹೋಗಿದ್ದರು. "ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕ್ಲಿಕ್ಕೆ ಒಳ್ಳೆದಾಗ್ತದೆ ಸಾರ್, ದಪ್ಪ ಕಾಗದ." ಮರುದಿನ ಒಂದು ಗೋಣಿಚೀಲ ತಂದರು. ಏಳು ವರ್ಷದ 84 ಹಾಳೆಯಲ್ಲಿ 71 ಸಿಕ್ಕಿದವು. ಉಳಿದವು ಪುಸ್ತಕದ ಮೇಲೆ ಹೋಗಿದ್ದವು. ಅದರಲ್ಲೂ ನಾಲ್ಕು, ಮಗಳ ಹಳೆಯ ಎಂಟನೇ ಕ್ಲಾಸಿನ ಪುಸ್ತಕಗಳಿಂದ ಬಿಚ್ಚಿ ತಂದುಕೊಟ್ಟರು. ಮಡಿಕೆಯ ಗೆರೆಯಲ್ಲಿ ಶಾಯಿ ಹಾರಿತ್ತು. ಆದರೂ "11.10 - 12.05 ಪಿಜಿ ಹುಡುಗಿ ಬೀಜ" ಅಂತ ಓದಲು ಬರುತ್ತಿತ್ತು.

ಇದನ್ನು ಕೇಳಿ ಎಲ್ಲರೂ ನಕ್ಕರು. ಸೊಸೈಟಿ ಕ್ಯಾಲೆಂಡರನ್ನು ಎಇಆರ್‌ಬಿಗೆ ದಾಖಲೆ ಎಂದು ಕೊಡುವುದಾ ಎಂದು. ನನಗೆ ಒಂದು ವಿಷಯದಲ್ಲಿ ಮಾತ್ರ ಹಟ ಇತ್ತು. ಇದನ್ನು ಹೊಸ ರಿಜಿಸ್ಟರಿನಲ್ಲಿ ಹಳೆಯ ತಾರೀಕು ಹಾಕಿ ಬರೆಯಬಾರದು. ಹಾಗೆ ಮಾಡಿ ಎಂದು ಸಲಹೆ ಕೊಟ್ಟವರೂ ಇದ್ದರು. ಅದು ಮೋಸ. ನಾನು ಪ್ರತಿ ಹಾಳೆಯನ್ನು ಸ್ಕ್ಯಾನ್ ಮಾಡಿ, ಪಕ್ಕದಲ್ಲಿ ಟೈಪ್ ಮಾಡಿ, ಮೇಲೆ ದಪ್ಪಕ್ಷರದಲ್ಲಿ "ಮೂಲ ರಿಜಿಸ್ಟರ್ ನಾಶವಾಗಿದೆ, ಇದು ಪುನಃ ಕಟ್ಟಿದ ದಾಖಲೆ" ಎಂದು ಬರೆದೆ. ಸಿಗದ ತಿಂಗಳುಗಳನ್ನು ಖಾಲಿಯೇ ಬಿಟ್ಟೆ.

ಆದರೆ ಹೊತ್ತು ಬರೆದ ಮಾತ್ರಕ್ಕೆ ನಂಬಬೇಕೆಂದೇನಿಲ್ಲ. ಅದಕ್ಕೆ ಇನ್ನೊಂದು ಸಾಕ್ಷಿ ಬೇಕಿತ್ತು. ಲೈಬ್ರರಿಯಲ್ಲಿ ನಮ್ಮ ಎಂಎಸ್ಸಿ, ಪಿಎಚ್‌ಡಿ ಪ್ರಬಂಧಗಳಿದ್ದವು. ಎಲ್ಲದರಲ್ಲೂ "ಇಷ್ಟು ನಿಮಿಷ, ಇಷ್ಟು ಗ್ರೇ" ಎಂದು ಇರುತ್ತದೆ. ಅದನ್ನು ಭಾಗಿಸಿದರೆ ಆ ದಿನದ ಡೋಸ್ ದರ ಬರುತ್ತದೆ. ಅದನ್ನು ಸೆಮಿಲಾಗ್ ಹಾಳೆಯಲ್ಲಿ ಗುರುತು ಹಾಕಿದರೆ 5.27 ವರ್ಷಕ್ಕೆ ಅರ್ಧವಾಗುವ ನೇರ ಗೆರೆ ಬರಬೇಕು. ಮೂವತ್ತಕ್ಕಿಂತ ಜಾಸ್ತಿ ಪ್ರಬಂಧ ತೆಗೆದು ಗುರುತು ಹಾಕಿದೆ. ಎಲ್ಲ ಚುಕ್ಕಿಗಳೂ ಗೆರೆಯ ಮೇಲೆ ನೂಲು ಹಿಡಿದ ಹಾಗೆ ಕೂತವು. ಖುಷಿಯಾಯಿತು. ರಾತ್ರಿ ಮಲಗಿದ ಮೇಲೆ ಹೊಳೆಯಿತು, ಇದು ಸಾಕ್ಷಿಯೇ ಅಲ್ಲ. ಮಕ್ಕಳು ಡೋಸ್ ಅಳೆದಿರಲಿಲ್ಲ, ಗೋಡೆಗೆ ಅಂಟಿಸಿದ ಕ್ಷಯದ ಚಾರ್ಟ್ ನೋಡಿ ಲೆಕ್ಕ ಹಾಕಿದ್ದರು. ಗೆರೆಯಿಂದ ತೆಗೆದ ಚುಕ್ಕಿ ಗೆರೆಯ ಮೇಲೇ ಕೂರುತ್ತದೆ. ಎರಡು ವಾರದ ಕೆಲಸ ನೀರಿಗೆ ಹೋಯಿತು.

ಮತ್ತೆ ಎಲ್ಲ ಪ್ರಬಂಧ ತೆಗೆದು, ಫ್ರಿಕೆ ಡೋಸಿಮೀಟರ್ (ವಿಕಿರಣ ಬಿದ್ದಾಗ ಅದರಲ್ಲಿನ ಫೆರಸ್ ಕಬ್ಬಿಣ ಫೆರಿಕ್ ಆಗುವುದನ್ನು ಅಳೆದು ಡೋಸ್ ತಿಳಿಯುವ ದ್ರಾವಣ) ಮಾಡಿ ತಾವೇ ಅಳೆದವರನ್ನು ಮಾತ್ರ ಹೆಕ್ಕಿದೆ. ಏಳು ಜನ ಸಿಕ್ಕಿದರು. ಆ ಏಳರಲ್ಲಿ ನಾಲ್ಕರ ತಾರೀಕು ಕ್ಯಾಲೆಂಡರಿನ ಹೊತ್ತಿಗೆ ನಿಮಿಷದ ಲೆಕ್ಕದಲ್ಲಿ ತಾಳೆಯಾಯಿತು. ಆರು ಚುಕ್ಕಿ ಗೆರೆಯ ಹತ್ತಿರ ಕೂತವು. 2014ರದ್ದೊಂದು ಮಾತ್ರ ನೂರಕ್ಕೆ ಇಪ್ಪತ್ತರಷ್ಟು ಮೇಲೆ ನಿಂತಿತು. ಅದನ್ನು ಅಳಿಸಲಿಲ್ಲ. ಅಲ್ಲೇ ಇಟ್ಟೆ.

ಇನ್ನು ನಮ್ಮದೇ ಅಳತೆ. ಫ್ರಿಕೆ ಮಾಡುವುದು ಎಲ್ಲರಿಗೂ ಗೊತ್ತು, ಸರಿಯಾಗಿ ಮಾಡುವುದು ಕಷ್ಟ. ಮೇ ತಿಂಗಳ ಮೊದಲ ಬ್ಯಾಚ್‌ನಲ್ಲಿ ನಿಮಿಷಕ್ಕೆ ಹದಿನೈದು ಗ್ರೇ ಹತ್ತಿರ ಬಂತು. ಚಾರ್ಟಿಗಿಂತ ನೂರಕ್ಕೆ 18 ಜಾಸ್ತಿ. ಕೋಬಾಲ್ಟ್ ಹೆಚ್ಚಾಗಲು ಸಾಧ್ಯವೇ ಇಲ್ಲ. ಆಮ್ಲ ಬದಲಿಸಿದೆ, ಫೆರಸ್ ಅಮೋನಿಯಂ ಸಲ್ಫೇಟಿನ ಹೊಸ ಬಾಟಲಿ ತಂದೆ, ಉಪ್ಪನ್ನು ಮತ್ತೆ ತೂಗಿದೆ. ಇಳಿಯಲಿಲ್ಲ. ಕೊನೆಗೆ ಕಣ್ಣಿಗೆ ಬಿದ್ದದ್ದು ನೀರು. ನಮ್ಮ ಡಿಸ್ಟಿಲ್ಡ್ ವಾಟರ್ ತಿಂಗಳುಗಟ್ಟಲೆ ಪ್ಲಾಸ್ಟಿಕ್ ಕ್ಯಾನಿನಲ್ಲಿ ನಿಂತಿರುತ್ತಿತ್ತು. ಸಾವಯವ ಕಸ ಒಂದಿಷ್ಟು ಸೇರಿದರೂ ಫೆರಸ್ ಬೇಗ ಫೆರಿಕ್ ಆಗುತ್ತದೆ, ಡೋಸ್ ಜಾಸ್ತಿ ತೋರಿಸುತ್ತದೆ. ಉಪ್ಪು ಹಾಕುವುದೇ ಅದನ್ನು ತಡೆಯಲು. ಆದರೆ ಕಸ ಅಷ್ಟು ಇದ್ದರೆ ಉಪ್ಪಿನಿಂದಲೂ ಆಗುವುದಿಲ್ಲ. ಪರ್ಮಾಂಗನೇಟ್ ಹಾಕಿ ಗಾಜಿನಲ್ಲೇ ಮತ್ತೆ ಬಟ್ಟಿ ಇಳಿಸಿ, ಗಾಜಿನಲ್ಲೇ ಹಿಡಿದೆ. 13.3ಕ್ಕೆ ಇಳಿಯಿತು.

ಇನ್ನೂ ಜಾಸ್ತಿಯೇ. ಅದು ಸೆಖೆಯ ಕೆಲಸ. ಫೆರಿಕ್ ಎಷ್ಟಾಯಿತೆಂದು ಬೆಳಕಿನಿಂದ ಅಳೆಯುವ ನಮ್ಮ ಸ್ಪೆಕ್ಟ್ರೋಫೋಟೋಮೀಟರ್ ಇರುವ ರೂಮಿಗೆ ಎಸಿ ಇಲ್ಲ. ಮೇ ತಿಂಗಳಲ್ಲಿ ಒಳಗೆ 31 ಡಿಗ್ರಿ. 304 ನ್ಯಾನೋಮೀಟರಿನ ಓದು ಡಿಗ್ರಿಗೆ ನೂರಕ್ಕೆ 0.7ರಷ್ಟು ಏರುತ್ತದೆ. ಪುಸ್ತಕದ ಅಂಕಿ 25 ಡಿಗ್ರಿಗೆ. ಆರು ಡಿಗ್ರಿಗೆ ನಾಲ್ಕು ಪರ್ಸೆಂಟ್ ಅಲ್ಲೇ ಹೋಯಿತು. ತಿದ್ದಿದರೆ 12.8ರ ಹತ್ತಿರ. ಚಾರ್ಟ್ ಹೇಳುವುದು 12.6. ನಮ್ಮ ಸೌಕರ್ಯದಲ್ಲಿ ನೂರಕ್ಕೆ ಎರಡರೊಳಗೆ ತಂದದ್ದು ದೊಡ್ಡ ಲ್ಯಾಬಿನವರಿಗೂ ಸುಲಭ ಅಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಸೀಸೆಗಳನ್ನು ತೊಳೆಯುವುದರಲ್ಲಿ ಒಂದು ಕ್ರಮ ಇದೆ. ಅದನ್ನು ಕಂಡುಕೊಳ್ಳಲು ನನಗೆ ಎರಡು ತಿಂಗಳು ಬೇಕಾಯಿತು. ಇಲ್ಲಿ ಬರೆಯುವುದಿಲ್ಲ. ನಮ್ಮ ಲ್ಯಾಬಿಗೆ ಬಂದರೆ ತೋರಿಸುತ್ತೇನೆ.

ಇಷ್ಟರಲ್ಲಿ ಮಳೆ ಹಿಡಿಯಿತು. ಜೂನ್ ಮಧ್ಯದಲ್ಲಿ ಒಂದು ದಿನ ಡ್ರಾಯರ್ ಇಳಿಯುವ ಸದ್ದು ಬೇರೆ ಕೇಳಿಸಿತು. ಸ್ಯಾಂಪಲ್ ಡ್ರಾಯರನ್ನು ಏರಿಸಿ ಇಳಿಸುವುದು ಉಕ್ಕಿನ ಹಗ್ಗ ಮತ್ತು ರಾಟೆ. ಸಮುದ್ರ ನಮಗೆ ಐದು ಕಿಲೋಮೀಟರ್ ಕೂಡ ಇಲ್ಲ. ಉಪ್ಪು ಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ಚೇಂಬರ್ ರೂಮಿನ ಎಸಿಯನ್ನು ಕರೆಂಟ್ ಬಿಲ್ಲಿನ ಹೆದರಿಕೆಗೆ ಎರಡು ವರ್ಷ ಬಂದ್ ಇಟ್ಟಿದ್ದೆವು. ಟಾರ್ಚ್ ಬಿಟ್ಟು ನೋಡಿದರೆ ಹಗ್ಗದ ಎಳೆಗಳ ಸಂದಿಯಲ್ಲಿ ಕೆಂಪು ಪುಡಿ. ಬೆರಳಿಗೆ ಅಂಟಿತು, ಅರಸಿನ ಕುಂಕುಮ ಕಲಸಿದ ಬಣ್ಣ. ಇದು ನಾವು ಬಿಚ್ಚಿ ರಿಪೇರಿ ಮಾಡುವ ವಸ್ತು ಅಲ್ಲ, ಮಾಡಲೂಬಾರದು. ಮೆಷಿನ್ ನಿಲ್ಲಿಸಿ, ಅಧಿಕೃತ ಸರ್ವಿಸ್‌ನವರಿಗೆ ಪತ್ರ ಹಾಕಿ, ಅವರು ಬಂದು ಹಗ್ಗ ಬದಲಿಸಿ ಹೋಗುವಾಗ ಆಗಸ್ಟ್ ಆಯಿತು.

ಆ ಎರಡು ತಿಂಗಳಲ್ಲಿ ನನಗೆ ದೊಡ್ಡ ಉಪಕಾರ ಮಾಡಿದ್ದು ನನ್ನ ಹಳೆಯ ವಿದ್ಯಾರ್ಥಿನಿ. ಮೂಡುಬಿದಿರೆ ಕಡೆಯ ಹುಡುಗಿ, ಈಗ ಅಮೆರಿಕದ ಒಂದು ವಿಶ್ವವಿದ್ಯಾಲಯದ ಸಂಶೋಧನಾ ರಿಯಾಕ್ಟರಿನಲ್ಲಿ ಕೆಲಸ. ನಮ್ಮ ದೇಶದಲ್ಲಿ ಅಪ್ಸರಾ, ಧ್ರುವ, ಕಾಮಿನಿ ಎಲ್ಲ ಅಣುಶಕ್ತಿ ಇಲಾಖೆಯ ಕೈಯಲ್ಲೇ ಇರುವುದು. ಅಲ್ಲಿ ಹಾಗಲ್ಲ, ವಿಶ್ವವಿದ್ಯಾಲಯಗಳೇ ನಡೆಸುತ್ತವೆ. ಆಗ ಅವರ ಲೈಸೆನ್ಸ್ ನವೀಕರಣ ಒಂದು ಸಲಕ್ಕೆ 20 ವರ್ಷಕ್ಕೆ ಆಗುತ್ತಿತ್ತು. ಅವಧಿ ಮುಗಿಯುವ 30 ದಿನ ಮೊದಲು ಸರಿಯಾದ ಅರ್ಜಿ ಕೊಟ್ಟರೆ, ತೀರ್ಮಾನ ಬರುವವರೆಗೆ ಹಳೆಯ ಲೈಸೆನ್ಸೇ ನಡೆಯುತ್ತಿತ್ತು. "ಆದರೆ ಸರ್, ಅವರು ಮುಖ್ಯವಾಗಿ ನೋಡುವುದು ಮೆಷಿನ್ ಹೇಗೆ ಮುದಿಯಾಗುತ್ತಿದೆ ಅಂತ ನಿಮಗೆ ಗೊತ್ತುಂಟಾ ಇಲ್ವಾ ಅಂತ" ಎಂದಳು. ಅವರಲ್ಲಿ ಟ್ಯಾಂಕಿನ ನೀರು, ರಿಯಾಕ್ಟರ್ ನಿಲ್ಲಿಸುವ ನಿಯಂತ್ರಣ ಕಡ್ಡಿ ಬೀಳುವ ಹೊತ್ತು, ಎಲ್ಲವನ್ನೂ ವರ್ಷಗಟ್ಟಲೆ ಬರೆದ ಪಟ್ಟಿ ಇರುತ್ತದಂತೆ.

ಕಡ್ಡಿ ಬೀಳುವ ಹೊತ್ತು. ಅದನ್ನು ಕೇಳಿದ ಕೂಡಲೇ ನನ್ನ ಕೆಲಸ ಗೊತ್ತಾಯಿತು. ಡ್ರಾಯರ್ ಕೆಳಗೆ ಹೋಗಿ ಕೂರಲು ಎಷ್ಟು ಸೆಕೆಂಡು? ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದರೆ ಮುಗಿಯಿತು. ಹಗ್ಗ ಕೆಡುವ ಮೊದಲು ಫ್ರಿಕೆಗಾಗಿ ತೆಗೆದ ಮೊಬೈಲ್ ವಿಡಿಯೋಗಳು ನನ್ನಲ್ಲಿದ್ದವು. ಸದ್ದು ಕೇಳಿ ಲೆಕ್ಕ ಹಾಕಿದೆ. ಏಪ್ರಿಲ್‌ನಲ್ಲಿ 23 ಸೆಕೆಂಡು, ಮೇಯಲ್ಲಿ 24, ಜೂನ್‌ನಲ್ಲಿ 27. ಹೊಸ ಹಗ್ಗ ಹಾಕಿದ ಮೇಲೆ 21. ಇಷ್ಟು ಸಣ್ಣ ಅಂಕಿಯಲ್ಲಿ ಹಗ್ಗದ ಕಾಯಿಲೆ ಎರಡು ತಿಂಗಳು ಮೊದಲೇ ಬರೆದಿತ್ತು, ನಾವು ಓದಿರಲಿಲ್ಲ. ಅಂದಿನಿಂದ ಪ್ರತಿ ಸೋಮವಾರ ಅಳೆಯುತ್ತೇವೆ. ಒಂದು ಹಾಳೆಯ ಆ ಗ್ರಾಫನ್ನು ಫೈಲಿನ ಎಲ್ಲಕ್ಕಿಂತ ಮೇಲೆ ಹಾಕಿದೆ.

"ಇಷ್ಟು ಕಡಿಮೆ ದರದ ಚೇಂಬರ್ ಯಾಕೆ ಬೇಕು?" ಎಂಬ ಪ್ರಶ್ನೆಗೂ ಉತ್ತರ ಬೇಕಿತ್ತು. ಸ್ಟೆರಿಲೈಸ್ ಮಾಡಲು 25 ಕಿಲೋಗ್ರೇ ಕೊಡಬೇಕೆಂದರೆ ಈಗ ಒಂದೂವರೆ ದಿನ ಹತ್ತಿರ ಬೇಕು. ಅದಕ್ಕೆ ಇದು ಆಗುವುದಿಲ್ಲ, ಒಪ್ಪಿದೆ. ಆದರೆ ಬೀಜಕ್ಕೆ? 200 ಗ್ರೇಗೆ 16 ನಿಮಿಷ. ಹೊಸ ಸೋರ್ಸ್ ಇದ್ದಾಗ ಅದೇ ಎರಡು ನಿಮಿಷ, ಡ್ರಾಯರ್ ಇಳಿದು ಏರುವಾಗ ಬೀಳುವ ಡೋಸೇ ಲೆಕ್ಕ ಕೆಡಿಸುತ್ತಿತ್ತು. ನಿಧಾನ ಇದ್ದದ್ದೇ ನಮಗೆ ಅನುಕೂಲ.

ಅದನ್ನು ತೋರಿಸಲು ಮಟ್ಟುಗುಳ್ಳದ ಬೀಜ ತಂದೆ. ಉಡುಪಿಯ ಮಟ್ಟುವಿನ ಬದನೆ, ನಮಗೆಲ್ಲ ಗೊತ್ತಿರುವುದೇ. 100, 200, 300 ಗ್ರೇ ಕೊಟ್ಟು ಹಿತ್ತಿಲಲ್ಲಿ ಬಿತ್ತಿದೆವು. 300ರಲ್ಲಿ ಅರ್ಧಕ್ಕರ್ಧ ಮೊಳೆಯಲೇ ಇಲ್ಲ. 100ರಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. 200ರಲ್ಲಿ ಒಂದು ಗಿಡದ ತೊಟ್ಟಿನಲ್ಲಿ ಮುಳ್ಳು ತುಂಬಾ ಕಮ್ಮಿ. ಮುಂದಿನ ತಲೆಮಾರಿನಲ್ಲಿ ಉಳಿಯುತ್ತದಾ ನೋಡಬೇಕು, ಬೀಜ ತೆಗೆದಿಟ್ಟಿದ್ದೇನೆ. ಜೊತೆಗೆ ಹಲಸಿನ ಹಪ್ಪಳವನ್ನೂ ಇಟ್ಟು ನೋಡಿದೆ, ಮಳೆಗಾಲದ ಬೂಸಲು ನಿಲ್ಲುತ್ತದಾ ಎಂದು. ಪರೀಕ್ಷೆಗೆ ಮಾತ್ರ, ತಿನ್ನಲು ಅಲ್ಲ. ಮೂರು ಕಿಲೋಗ್ರೇ, ನಾಲ್ಕು ಗಂಟೆ. ಹದಿನೈದು ದಿನ ಚೆನ್ನಾಗಿತ್ತು, ಆಮೇಲೆ ಬಂತು. ತಪ್ಪು ವಿಕಿರಣದ್ದಲ್ಲ, ಪ್ಯಾಕೆಟಿನದ್ದು. ತೆಳು ಪ್ಲಾಸ್ಟಿಕ್ಕಿನೊಳಗೆ ಪಸೆ ಹೋಗಿತ್ತು. ದಪ್ಪ ಪ್ಯಾಕೆಟಿನಲ್ಲಿ ಇನ್ನೊಮ್ಮೆ ಮಾಡಬೇಕು.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಹಗ್ಗ, ಸರ್ವಿಸ್, ಎಂಜಿನಿಯರ್ ಬಂದುಹೋದ ಖರ್ಚು ಸೇರಿ 1 ಲಕ್ಷ 40 ಸಾವಿರ. ಬಾಗಿಲಿಗೆ ಎರಡು ಬೀಗದ ಹೊಸ ವ್ಯವಸ್ಥೆ, ಕ್ಯಾಮೆರಾ, ಅದರ ಬ್ಯಾಟರಿ 90 ಸಾವಿರ. ಎರಡು ಡಿಹ್ಯೂಮಿಡಿಫೈಯರ್ 76 ಸಾವಿರ. ಸರ್ವೆ ಮೀಟರ್ ಕ್ಯಾಲಿಬ್ರೇಶನ್‌ಗೆ ಕಳಿಸಿ ತರಿಸಿದ್ದು 18. ರಾಸಾಯನಿಕ, ಗಾಜು 20 ಸಾವಿರ. ಒಟ್ಟು ಮೂರೂವರೆ ಲಕ್ಷದ ಒಳಗೆ. ಡಿಹ್ಯೂಮಿಡಿಫೈಯರ್ ಐದು ವರ್ಷ ಮೊದಲೇ ತಂದಿದ್ದರೆ ಹಗ್ಗದ ಖರ್ಚು ಬರುತ್ತಲೇ ಇರಲಿಲ್ಲ. ಲೆಕ್ಕಪತ್ರ ವಿಭಾಗದಿಂದ ಮಂಜೂರಾತಿ ಎರಡೇ ದಿನದಲ್ಲಿ ತೆಗೆದದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಅದು ನನ್ನಲ್ಲೇ ಇರಲಿ.

ಸೆಪ್ಟೆಂಬರ್‌ನಲ್ಲಿ ಮತ್ತೆ ಅರ್ಜಿ ಹಾಕಿದೆ. ವೈಪ್ ಟೆಸ್ಟ್ (ಒರೆಸಿ ಸೋರಿಕೆ ನೋಡುವ ಪರೀಕ್ಷೆ), ಟಿಎಲ್‌ಡಿ (ಸಿಬ್ಬಂದಿ ಧರಿಸುವ ವಿಕಿರಣ ಬ್ಯಾಡ್ಜ್) ವರದಿ, ಸರ್ವೆ ಎಲ್ಲ ಸರಿ ಇತ್ತು. ಅಕ್ಟೋಬರ್‌ನಲ್ಲಿ ಎಇಆರ್‌ಬಿಯವರು ವಿಡಿಯೋ ಕರೆಯಲ್ಲಿ ಪ್ರಶ್ನೆ ಕೇಳಿದರು. ನಾನು ಕ್ಯಾಲೆಂಡರ್ ಬಗ್ಗೆ ಮಾತಾಡಲು ತಯಾರಾಗಿ ಕೂತಿದ್ದೆ. ಅವರು ನೇರ ಡೋಸ್ ದರದ ಗ್ರಾಫಿಗೆ ಬಂದರು. "2014ರ ಈ ಚುಕ್ಕಿ ಯಾಕೆ ಮೇಲಿದೆ?"

ಆ ಪ್ರಬಂಧದ ಅನುಬಂಧದಲ್ಲಿ ನೀರು ಎಲ್ಲಿಯದು ಎಂದು ಹುಡುಗ ಬರೆದಿದ್ದ: ವಿಭಾಗದ ಸ್ಟಾಕ್ ಕ್ಯಾನ್. ನನ್ನ ಮೇ ತಿಂಗಳ ಹಾಳಾದ ಬ್ಯಾಚಿನ ಅಂಕಿಗಳನ್ನು ನಾನು ಬಿಸಾಡಿರಲಿಲ್ಲ. ಅದೇ ಕ್ಯಾನ್ ನೀರು, ಹೆಚ್ಚುಕಮ್ಮಿ ಅಷ್ಟೇ ಪರ್ಸೆಂಟ್ ಜಾಸ್ತಿ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ಅವರು ಒಂದು ನಿಮಿಷ ಹಾಳೆ ನೋಡಿದರು. ಆಮೇಲೆ ಕ್ಯಾಲೆಂಡರ್ ಹಾಳೆಗಳ ಮೂಲವನ್ನು ಹಾಗೇ ಜೋಪಾನ ಮಾಡಿ ಇಡಿ, ತಪಾಸಣೆಗೆ ಬಂದಾಗ ನೋಡುತ್ತೇವೆ ಎಂದರು. ಅಷ್ಟೇ. ಒಂದು ತಿಂಗಳಲ್ಲಿ ನವೀಕರಣ ಬಂತು.

ಈಗ ಆ 75 ಹಾಳೆಗಳು ಪ್ಲಾಸ್ಟಿಕ್ ಲಕೋಟೆಯಲ್ಲಿ, ಸಿಲಿಕಾ ಜೆಲ್ ಚೀಲದ ಜೊತೆ, ಕಬ್ಬಿಣದ ಕಪಾಟಿನಲ್ಲಿವೆ. ರಿಜಿಸ್ಟರನ್ನು ಪ್ರತಿ ಶನಿವಾರ ಸ್ಕ್ಯಾನ್ ಮಾಡುತ್ತೇವೆ. ಅಟೆಂಡರಣ್ಣನಿಗೆ ಇನ್ನೆರಡು ವರ್ಷ ಸರ್ವಿಸ್ ಇದೆ. ಬಾಗಿಲ ಹಿಂದೆ ಹೊಸ ಕ್ಯಾಲೆಂಡರ್ ತೂಗುಹಾಕಿದ್ದಾರೆ, ಈ ಸಲ ಪೆನ್ನನ್ನೂ ದಾರದಲ್ಲಿ ಕಟ್ಟಿದ್ದಾರೆ. ಮೊನ್ನೆ ಸೋಮವಾರ ಡ್ರಾಯರ್ 21 ಸೆಕೆಂಡು.